ಸಿಡ್ನಿಯಲ್ಲಿ ಗೆದ್ದವರು ಹರಾಡಾ ಅಲ್ವಾ?

ಚಿಕ್ಕಪ್ಪ: (ಫಾರ್ವರ್ಡ್ ಆದ ವಿಡಿಯೊ) 1969, ಸಿಡ್ನಿ. ವಿಶ್ವ ಬಾಕ್ಸಿಂಗ್ ಪಟ್ಟದ ಪಂದ್ಯ. ಚಾಂಪಿಯನ್, ಆಸ್ಟ್ರೇಲಿಯಾದ ಜಾನಿ ಫ್ಯಾಮಶಾನ್ ಎದುರು ಜಪಾನಿನ ಫೈಟಿಂಗ್ ಹರಾಡಾ. ರೆಫರಿ ಲಂಚ ತಿಂದು ಕಿರೀಟ ತಪ್ಪಿಸಿದ! ಎಲ್ಲರಿಗೂ ಕಳಿಸಿ.

ನಾನು: ಚಿಕ್ಕಪ್ಪ, ಅನ್ಯಾಯ ಆಗಿದ್ದು ನಿಜ. ಲಂಚ ಅನ್ನೋದಕ್ಕೆ ಆಧಾರ ಏನಿದೆ? ರೆಫರಿ ವಿಲ್ಲಿ ಪೆಪ್. ತಾವೇ ಫೆದರ್‌ವೇಟ್ (ಈ ಪಂದ್ಯದ ತೂಕದ ವರ್ಗ) ಚಾಂಪಿಯನ್ ಆಗಿದ್ದವರು. ಸುಮ್ನೆ ಹೆಸರು ಕೆಡಿಸಬೇಡಿ.

ಚಿಕ್ಕಪ್ಪ: ಹಾಗಾದರೆ ತೀರ್ಪು ಬದಲಾಗಿದ್ದು ಯಾಕೆ?

ನಾನು: ಅಂಕ ಕೊಡುವವರು ಪೆಪ್ ಒಬ್ಬರೇ. ಮೊದಲು ಡ್ರಾ ಅಂದರು. ಚೀಟಿ ಮತ್ತೆ ಕೂಡಿಸಿದಾಗ ಫ್ಯಾಮಶಾನ್‌ಗೆ ಒಂದು ಅಂಕ ಜಾಸ್ತಿ ಬಂತು. ಫ್ಯಾಮಶಾನ್ ಮೂರು ಸಲ ನೆಲಕ್ಕೆ ಬಿದ್ದಿದ್ದರು. ಆಸ್ಟ್ರೇಲಿಯಾದ ಜನರೇ ಕೂಗಿ ವಿರೋಧಿಸಿದರು. ನನ್ನ ಪ್ರಕಾರ ಪಂದ್ಯ ಹರಾಡಾ ಅವರದೇ.

ಮಧು: ಮೂರು ಸಲ ಬಿದ್ದರೆ ಸೋತ ಹಾಗಾ? ಉಳಿದ ಸುತ್ತುಗಳಿಗೆ ಲೆಕ್ಕ ಇಲ್ವಾ? 1970ರ ಜನವರಿಯಲ್ಲಿ ಟೋಕಿಯೊದಲ್ಲೇ ಮರುಪಂದ್ಯ ಆಯಿತಲ್ಲ. ಹದಿನಾಲ್ಕನೇ ಸುತ್ತಿನಲ್ಲಿ ಹರಾಡಾ ನಾಕೌಟ್. ಯಾರು ದೊಡ್ಡವರು ಅಂತ ಅಲ್ಲೇ ಗೊತ್ತಾಯಿತು.

ನಾನು: ಜನವರಿಯ ಸೋಲು ಜನವರಿಯದು, ಮಧು. ಅದನ್ನು ತಂದು ಜುಲೈನ ಸಿಡ್ನಿ ಪಂದ್ಯದ ಅಂಕಕ್ಕೆ ಸೇರಿಸಬೇಡ. ಹರಾಡಾ ಶುರು ಮಾಡಿದ್ದು ಫ್ಲೈವೇಟ್‌ನಲ್ಲಿ, 51 ಕಿಲೊದ ಒಳಗೆ. ಇದು 57 ಕಿಲೊ. ಅಷ್ಟು ಮೇಲೆ ಹತ್ತಿ ಬಂದು ಚಾಂಪಿಯನ್‌ನನ್ನು ಮೂರು ಸಲ ಕೆಡವಿದ್ದಾರೆ.

ಅತ್ತೆ: ಯಾರಪ್ಪಾ ಈ ಹರಾಡಾ? ಬೆಳಿಗ್ಗೆಯಿಂದ ಫೋನ್ ಬಡ್ಕೊಳ್ತಾ ಇದೆ.

ನಾನು: ಅತ್ತೆ, ಟೋಕಿಯೊದ ಹುಡುಗ. ನಿಜವಾದ ಹೆಸರು ಮಸಾಹಿಕೊ. 1962ರಲ್ಲಿ ಥಾಯ್ಲೆಂಡಿನ ಪೋನ್ ಕಿಂಗ್‌ಪೆಚ್ ಅವರನ್ನು ನಾಕೌಟ್ ಮಾಡಿ ವಿಶ್ವ ಚಾಂಪಿಯನ್ ಆದಾಗ ಬರೀ 19 ವರ್ಷ. ಮೂರೇ ತಿಂಗಳಲ್ಲಿ ಬ್ಯಾಂಕಾಕ್‌ನಲ್ಲಿ ಆ ಪಟ್ಟ ಹೋಯಿತು. ತೂಕ ಇಳಿಸೋದೇ ಅವರಿಗೆ ದೊಡ್ಡ ಶಿಕ್ಷೆ. ಆಮೇಲೆ ಅದಕ್ಕಿಂತ ಮೇಲಿನ ತೂಕದ ಬ್ಯಾಂಟಮ್‌ವೇಟ್‌ಗೆ ಹೋದರು. 1965ರಲ್ಲಿ ನಗೋಯಾದಲ್ಲಿ ಎದುರಿಗೆ ನಿಂತವರು ಬ್ರೆಜಿಲ್‌ನ ಎಡರ್ ಜೋಫ್ರೆ. ಜೋಫ್ರೆ ಅಲ್ಲಿಯವರೆಗೆ ವೃತ್ತಿ ಬಾಕ್ಸಿಂಗ್‌ನಲ್ಲಿ ಒಂದೂ ಪಂದ್ಯ ಸೋತಿರಲಿಲ್ಲ. ಹರಾಡಾ ಹಿಂದೆ ಸರಿಯಲೇ ಇಲ್ಲ. ಹದಿನೈದು ಸುತ್ತೂ ನುಗ್ಗಿ ನುಗ್ಗಿ ಹೊಡೆದರು. ಗೆದ್ದರು. ಮರುವರ್ಷ ಟೋಕಿಯೊದಲ್ಲಿ ಮತ್ತೆ ಗೆದ್ದರು. ಜೋಫ್ರೆ ಇಡೀ ವೃತ್ತಿ ಬದುಕಿನಲ್ಲಿ ಸೋತಿದ್ದು ಎರಡೇ ಸಲ, ಎರಡೂ ಹರಾಡಾ ಕೈಯಲ್ಲಿ! ಆ ಜೋಫ್ರೆ 1973ರಲ್ಲಿ ಇದೇ ಫೆದರ್‌ವೇಟ್‌ನಲ್ಲಿ ಚಾಂಪಿಯನ್ ಆದರು. ಇಂಥ ಮನುಷ್ಯನನ್ನು ಬರೀ ಮೋಸ ಹೋದವನು ಅಂತ ತೋರಿಸಿದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಅತ್ತೆ: ಹತ್ತೊಂಬತ್ತಕ್ಕೇ? ಅವನ ತಾಯಿ ಹೇಗೆ ನೋಡಿದಳೋ.

ಮಧು: ಜೋಫ್ರೆ ವಿಷಯ ಒಪ್ಪಿದೆ. ಸಿಡ್ನಿ ಒಪ್ಪಲ್ಲ. ಫ್ಯಾಮಶಾನ್ ತಪ್ಪಿಸಿಕೊಳ್ಳೋದರಲ್ಲಿ ಜಾಣ. ಬೀಳೋ ದೃಶ್ಯಗಳನ್ನಷ್ಟೇ ಕತ್ತರಿಸಿ ಅಂಟಿಸಿದರೆ ಅದು ಹೇಗೆ ಕಾಣುತ್ತದೆ?

ನಾನು: ಅದು ಸರಿಯಾದ ಮಾತು. ವಿಡಿಯೊದಲ್ಲಿ ಐದನೇ ಸುತ್ತು ಬಿಟ್ಟಿದ್ದಾರೆ. ಅದರಲ್ಲಿ ಹರಾಡಾ ಕೂಡ ಬಿದ್ದಿದ್ದರು.

ಚಿಕ್ಕಪ್ಪ: ಓಹೋ. ಅದು ನನಗೆ ಗೊತ್ತಿರಲಿಲ್ಲ. ಲಂಚದ ಮಾತು ವಾಪಸ್. ಕಳಿಸಿದ ಗುಂಪುಗಳಿಗೂ ಹೇಳುತ್ತೇನೆ. ಪಂದ್ಯ ಮಾತ್ರ ಹರಾಡಾದೇ.

ಮಧು: ಪೂರ್ತಿ ಪಂದ್ಯ ಸಿಕ್ಕರೆ ಹಾಕಿ. ಒಂದೊಂದು ಸುತ್ತಿಗೂ ನಾನೇ ಅಂಕ ಬರೆದು ಕಳಿಸುತ್ತೇನೆ.