ಅಮೆರಿಕದ ಪ್ರಶಸ್ತಿ ಪುಸ್ತಕಗಳು: ನಮ್ಮ ಓದುಗರ ಗುಂಪು ಎಲ್ಲಿಂದ ಶುರು ಮಾಡಲಿ?

ಹಾಸನದ ಶಿಕ್ಷಕಿಯೊಬ್ಬರು ಕೇಳಿದ್ದು

ನಮ್ಮದು ಏಳೆಂಟು ಜನರ ಓದುಗರ ಗುಂಪು. ಇಲ್ಲಿಯವರೆಗೆ ಕನ್ನಡ ಪುಸ್ತಕಗಳನ್ನೇ ಓದಿ ಮಾತಾಡುತ್ತಿದ್ದೆವು. 2025ರಲ್ಲಿ ನಮ್ಮೂರಿನ ಬಾನು ಮುಷ್ತಾಕ್ ಅವರಿಗೂ ದೀಪಾ ಭಾಸ್ತಿ ಅವರಿಗೂ ‘ಹಾರ್ಟ್ ಲ್ಯಾಂಪ್’ಗಾಗಿ ಅಂತರರಾಷ್ಟ್ರೀಯ ಬುಕರ್ ಬಂದ ಮೇಲೆ ಹೊರಗಿನ ಪ್ರಶಸ್ತಿಗಳ ಕಡೆಗೆ ಎಲ್ಲರ ಕುತೂಹಲ ಹೊರಳಿತು. ಈ ವರ್ಷ ಅಮೆರಿಕದ ಲೇಖಕರನ್ನು ಓದೋಣ ಎಂದುಕೊಂಡಿದ್ದೇವೆ. ಆದರೆ ಪುಲಿಟ್ಜರ್, ನ್ಯಾಷನಲ್ ಬುಕ್ ಅವಾರ್ಡ್, ಬುಕರ್, ನೊಬೆಲ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ಯಾವ ಪ್ರಶಸ್ತಿಯನ್ನು ನಂಬಿ ಪುಸ್ತಕ ಆರಿಸಬಹುದು? ಇಂಗ್ಲಿಷ್ ಎಲ್ಲರೂ ಓದುತ್ತೇವೆ, ಆದರೆ ನಿಧಾನ. ದಪ್ಪ ಪುಸ್ತಕ ಕೊಟ್ಟರೆ ಅರ್ಧ ಜನ ನಡುವೆಯೇ ಬಿಡುತ್ತಾರೆ. ಓದಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ಮೇಡಂ, ತೆಳ್ಳಗಿನದನ್ನೇ ಮೊದಲು ಹಿಡಿಯಿರಿ. ಹೆಮಿಂಗ್ವೇ ಅವರ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ 1953ರಲ್ಲಿ ಪುಲಿಟ್ಜರ್ ಪಡೆಯಿತು, ಮರುವರ್ಷ ಅವರಿಗೆ ನೊಬೆಲ್ ಬಂತು. ವಾಕ್ಯಗಳು ಚಿಕ್ಕವು, ನಿಘಂಟು ತೆಗೆಯುವ ಕೆಲಸ ಕಡಿಮೆ. ಅದರ ನಂತರ ಜುಂಪಾ ಲಾಹಿರಿ ಅವರ ‘ಇಂಟರ್‌ಪ್ರಿಟರ್ ಆಫ್ ಮ್ಯಾಲಡೀಸ್’. ಒಂಬತ್ತು ಕತೆಗಳ ಸಂಕಲನ, ಅವರ ಮೊದಲ ಪುಸ್ತಕ, 2000ದ ಪುಲಿಟ್ಜರ್. ಶೀರ್ಷಿಕೆಯ ಕತೆ ನಡೆಯುವುದು ಕೊನಾರ್ಕ್‌ನ ಸೂರ್ಯ ದೇವಾಲಯಕ್ಕೆ ಹೋಗುವ ಕಾರಿನಲ್ಲಿ. ನಮ್ಮ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಕತೆ ವಹಿಸಿಕೊಂಡೆವು, ಯಾರಿಗೂ ಹೊರೆ ಅನಿಸಲಿಲ್ಲ.

ಬೆಂಗಳೂರಿನಿಂದ, ಕಾಲೇಜಿನಲ್ಲಿ ಪಾಠ ಮಾಡುವವರು

ಯಾವ ಪ್ರಶಸ್ತಿಯನ್ನು ನಂಬುವುದು ಎಂದು ಕೇಳಿದ್ದೀರಿ. ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ತಿಳಿದಿದ್ದರೆ ನಂಬಿಕೆಯ ಅಳತೆ ತಾನೇ ಸಿಗುತ್ತದೆ.

ಪುಲಿಟ್ಜರ್ 1917ರಿಂದ ನಡೆದುಬಂದಿರುವುದು, ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲಕ. ಅಲ್ಲಿ ಎರಡು ಹಂತ ಇದೆ. ತೀರ್ಪುಗಾರರ ಸಮಿತಿ ನೂರಾರು ಪುಸ್ತಕ ಓದಿ ಮೂರನ್ನು ಆರಿಸುತ್ತದೆ, ಮೇಲುಕೆಳಗು ಹೇಳುವುದಿಲ್ಲ. ಆ ಮೂರರಲ್ಲಿ ಗೆದ್ದದ್ದು ಯಾವುದು ಎಂದು ತೀರ್ಮಾನಿಸುವುದು ಬೇರೆಯೇ ಒಂದು ಮಂಡಳಿ. ಮಂಡಳಿಯಲ್ಲಿ ಬಹುಮತ ಬಾರದಿದ್ದರೆ ಆ ವರ್ಷ ಪ್ರಶಸ್ತಿಯೇ ಇಲ್ಲ. 1974ರಲ್ಲಿ ತೀರ್ಪುಗಾರರು ಒಮ್ಮತದಿಂದ ಥಾಮಸ್ ಪಿಂಚನ್ ಅವರ ‘ಗ್ರ್ಯಾವಿಟಿಸ್ ರೇನ್‌ಬೋ’ ಕೊಡಿ ಎಂದರು, ಮಂಡಳಿ ಒಪ್ಪಲಿಲ್ಲ, ಕಾದಂಬರಿಗೆ ಆ ವರ್ಷ ಪುಲಿಟ್ಜರ್ ಇಲ್ಲ. ಅದೇ ಪುಸ್ತಕಕ್ಕೆ ಅದೇ ವರ್ಷ ನ್ಯಾಷನಲ್ ಬುಕ್ ಅವಾರ್ಡ್ ಬಂತು, ಐಸಾಕ್ ಬಾಷೆವಿಸ್ ಸಿಂಗರ್ ಅವರ ಕತೆಗಳ ಜೊತೆಗೆ ಹಂಚಿಕೊಂಡು. (ನಿಮ್ಮ ಗುಂಪಿಗೆ ಪಿಂಚನ್ ಈಗ ಬೇಡ, ಏಳುನೂರು ಪುಟ ದಾಟುತ್ತದೆ.)

ನ್ಯಾಷನಲ್ ಬುಕ್ ಅವಾರ್ಡ್‌ನಲ್ಲಿ ಐವರು ತೀರ್ಪುಗಾರರ ಮಾತೇ ಕೊನೆ, ಅವರ ಮೇಲೆ ಇನ್ನೊಂದು ಮಂಡಳಿ ಇಲ್ಲ. ಹಾಗಾಗಿ ಅಲ್ಲಿ ಧೈರ್ಯದ ಆಯ್ಕೆ ಹೆಚ್ಚು ಎಂಬುದು ನನ್ನ ಅನಿಸಿಕೆ. ನೊಬೆಲ್ ಲೇಖಕರಿಗೆ ಬರುವುದು, ಒಂದು ಪುಸ್ತಕಕ್ಕಲ್ಲ. ಬ್ರಿಟನ್ನಿನ ಬುಕರ್‌ಗೆ (ಬಾನು ಅವರಿಗೆ ಬಂದ ಅಂತರರಾಷ್ಟ್ರೀಯ ಬುಕರ್ ಬೇರೆ) ಅಮೆರಿಕದವರು ಅರ್ಹರಾದದ್ದೇ 2014ರಿಂದ, 2016ರಲ್ಲಿ ಪಾಲ್ ಬೀಟಿ ಗೆದ್ದ ಮೊದಲಿಗರು.

ನನ್ನ ಅನುಭವದಲ್ಲಿ ಗೆದ್ದ ಪುಸ್ತಕಕ್ಕಿಂತ ಅಂತಿಮ ಸುತ್ತಿಗೆ ಬಂದ ಪುಸ್ತಕಗಳ ಪಟ್ಟಿ ಹೆಚ್ಚು ಉಪಯೋಗಕ್ಕೆ ಬಂದಿದೆ. ಉದಾಹರಣೆಗೆ 2012. ಆ ವರ್ಷವೂ ಮಂಡಳಿ ಮೂರರಲ್ಲಿ ಯಾವುದಕ್ಕೂ ಪುಲಿಟ್ಜರ್ ಕೊಡಲಿಲ್ಲ. ಆ ಮೂರರಲ್ಲಿ ಒಂದು ಡೆನಿಸ್ ಜಾನ್ಸನ್ ಅವರ ‘ಟ್ರೇನ್ ಡ್ರೀಮ್ಸ್’. ನೂರಿಪ್ಪತ್ತು ಪುಟದೊಳಗೆ ಮುಗಿಯುತ್ತದೆ. ಇಡಾಹೊ ರಾಜ್ಯದ ಕಾಡಿನಲ್ಲಿ ರೈಲುದಾರಿಗೂ ಮರ ಕಡಿಯುವುದಕ್ಕೂ ಕೂಲಿ ಹೋಗುವ ರಾಬರ್ಟ್ ಗ್ರೇನಿಯರ್ ಎಂಬವನ ಇಡೀ ಆಯುಸ್ಸು ಅದರಲ್ಲಿದೆ. ಕಾಡ್ಗಿಚ್ಚಿನಲ್ಲಿ ಅವನು ಹೆಂಡತಿಯನ್ನೂ ಮಗುವನ್ನೂ ಕಳೆದುಕೊಳ್ಳುತ್ತಾನೆ. ಆಮೇಲೂ ಬದುಕುತ್ತಾನೆ, ಅದೇ ಜಾಗದಲ್ಲಿ ಮತ್ತೆ ಗುಡಿಸಲು ಕಟ್ಟಿಕೊಂಡು. ದೊಡ್ಡ ಮಾತುಗಳಿಲ್ಲದೆ ಇಷ್ಟು ಆಳಕ್ಕೆ ಇಳಿಯುವ ಅಮೆರಿಕದ ಬರಹ ನಾನು ಹೆಚ್ಚು ಓದಿಲ್ಲ. ವಿದ್ಯಾರ್ಥಿಗಳಿಗೆ ಕೊಟ್ಟಾಗಲೆಲ್ಲ ಪೂರ್ತಿ ಓದಿಕೊಂಡೇ ಬಂದಿದ್ದಾರೆ.

ಧಾರವಾಡದಿಂದ

ಸುಲಭವಾದದ್ದನ್ನೇ ಕೊಡಬೇಕು ಎನ್ನುವುದನ್ನು ನಾನು ಒಪ್ಪುವುದಿಲ್ಲ ಮೇಡಂ. ಗುಂಪಿನಲ್ಲಿ ಓದುವ ಲಾಭವೇ ಕಷ್ಟದ ಪುಸ್ತಕವನ್ನು ಕೂಡಿ ದಾಟುವುದು. ವರ್ಷಕ್ಕೆ ಒಂದಾದರೂ ಅಂಥದ್ದು ಇರಲಿ, ಅದು ಟೋನಿ ಮಾರಿಸನ್ ಅವರ ‘ಬಿಲವೆಡ್’ ಆಗಲಿ.

ಈ ಪುಸ್ತಕದ ಪ್ರಶಸ್ತಿಯ ಕತೆಯನ್ನೂ ಗುಂಪಿಗೆ ಹೇಳಿ. 1987ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್‌ನ ಅಂತಿಮ ಸುತ್ತಿನಲ್ಲಿ ಇದು ಇತ್ತು, ಗೆದ್ದದ್ದು ಲ್ಯಾರಿ ಹೈನ್‌ಮನ್ ಅವರ ವಿಯೆಟ್ನಾಂ ಯುದ್ಧದ ಕಾದಂಬರಿ. 1988ರ ಜನವರಿಯಲ್ಲಿ ಕಪ್ಪು ಲೇಖಕರು, ವಿಮರ್ಶಕರು ಸೇರಿ 48 ಮಂದಿ ನ್ಯೂಯಾರ್ಕ್ ಟೈಮ್ಸ್‌ನ ಪುಸ್ತಕ ಪುರವಣಿಯಲ್ಲಿ ಹೇಳಿಕೆ ಕೊಟ್ಟರು: ಮಾರಿಸನ್‌ರಂಥವರಿಗೆ ಇನ್ನೂ ಈ ಪ್ರಶಸ್ತಿಯೂ ಇಲ್ಲ, ಪುಲಿಟ್ಜರೂ ಇಲ್ಲ ಎಂದು. ಅದಕ್ಕೆ ಕೆಲವೇ ವಾರಗಳ ಹಿಂದೆ ಹೆಸರಾಂತ ಕಪ್ಪು ಲೇಖಕ ಜೇಮ್ಸ್ ಬಾಲ್ಡ್ವಿನ್ ತೀರಿಕೊಂಡಿದ್ದರು, ಅವರಿಗೂ ಎರಡರಲ್ಲಿ ಒಂದೂ ಬಂದಿರಲಿಲ್ಲ. ಆ ವರ್ಷವೇ ‘ಬಿಲವೆಡ್’ಗೆ ಪುಲಿಟ್ಜರ್ ಬಂತು, 1993ರಲ್ಲಿ ಮಾರಿಸನ್‌ರಿಗೆ ನೊಬೆಲ್. ಒತ್ತಡಕ್ಕೆ ಮಣಿದು ಕೊಟ್ಟರು ಎಂದವರೂ ಇದ್ದರು. ಪುಸ್ತಕ ಓದಿದವರಿಗೆ ಆ ಮಾತು ನಿಲ್ಲುವುದಿಲ್ಲ.

ಓದುವ ಮೊದಲು ಮಾರ್ಗರೆಟ್ ಗಾರ್ನರ್ ಯಾರು ಎಂದು ಎಲ್ಲರಿಗೂ ತಿಳಿಸಿ. 1856ರಲ್ಲಿ ಗುಲಾಮಗಿರಿ ಇದ್ದ ಕೆಂಟಕಿ ರಾಜ್ಯದಿಂದ ಹೆಪ್ಪುಗಟ್ಟಿದ ನದಿ ದಾಟಿ, ಅದು ಇಲ್ಲದ ಒಹಾಯೊಗೆ ಓಡಿಬಂದ ಗುಲಾಮ ಹೆಣ್ಣುಮಗಳು. ಹಿಡಿಯಲು ಬಂದಾಗ, ಮಕ್ಕಳು ಮತ್ತೆ ಗುಲಾಮಗಿರಿಗೆ ಹೋಗಬಾರದೆಂದು ತನ್ನ ಮಗಳನ್ನೇ ಕೊಂದಳು. ಮಾರಿಸನ್ ಕಾದಂಬರಿಯ ಬೀಜ ಅದು. ಇಷ್ಟು ಗೊತ್ತಿದ್ದರೆ ಕಾಲ ಹಿಂದೆಮುಂದೆ ಜಿಗಿದಾಗ ದಾರಿ ತಪ್ಪುವುದಿಲ್ಲ. ಮೊದಲ ಐವತ್ತು ಪುಟವನ್ನು ಮನೆಯಲ್ಲಿ ಓದಲು ಬಿಡದೆ ಎಲ್ಲರೂ ಒಟ್ಟಿಗೆ ಕೂತು ಓದಿ. ನಾವು ಹಾಗೆ ಮಾಡಿದ್ದರಿಂದಲೇ ಕೊನೆ ಮುಟ್ಟಿದೆವು.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರೊಬ್ಬರು

ಮೇಲಿನವರ ಮಾತಿಗೆ ನನ್ನದೊಂದು ಸೇರಿಕೆ. ಅಮೆರಿಕದ ದಕ್ಷಿಣದ ಆಡುಮಾತಿನಲ್ಲಿ ಬರೆದ ಪುಸ್ತಕಗಳನ್ನು ಕಣ್ಣಿನಿಂದ ಓದಿದರೆ ಕಷ್ಟ, ಕಿವಿಯಿಂದ ಕೇಳಿದರೆ ಹತ್ತಿರವಾಗುತ್ತವೆ. ಆಲಿಸ್ ವಾಕರ್ ಅವರ ‘ದ ಕಲರ್ ಪರ್ಪಲ್’ ಅಂಥದ್ದು. 1983ರಲ್ಲಿ ಪುಲಿಟ್ಜರ್, ನ್ಯಾಷನಲ್ ಬುಕ್ ಅವಾರ್ಡ್ ಎರಡೂ ಬಂದವು. ಕಾದಂಬರಿಗೆ ಪುಲಿಟ್ಜರ್ ಪಡೆದ ಮೊದಲ ಕಪ್ಪು ಮಹಿಳೆ ವಾಕರ್. ಜಾರ್ಜಿಯಾದ ಹಳ್ಳಿಯ ಸೀಲಿ ಎಂಬ ಹುಡುಗಿ ದೇವರಿಗೆ ಬರೆಯುವ ಪತ್ರಗಳಿಂದ ಶುರುವಾಗುತ್ತದೆ. ವ್ಯಾಕರಣ ಶಾಲೆಯದಲ್ಲ, ಅವಳದು. ದೇವನೂರರ ‘ಕುಸುಮಬಾಲೆ’ಯನ್ನು ಗಟ್ಟಿಯಾಗಿ ಓದಿಕೊಂಡೇ ಅದರೊಳಗೆ ಹೋದವರು ನಿಮ್ಮಲ್ಲಿದ್ದರೆ, ಇಲ್ಲೂ ಹಾಗೇ ಮಾಡಲಿ. ಆಡಿಯೊ ಪುಸ್ತಕ ಸಿಕ್ಕರೆ ಮೊದಲ ಕೆಲವು ಪತ್ರ ಕೇಳಿಸಿ, ಉಳಿದದ್ದು ಅವರೇ ಓದಿಕೊಳ್ಳುತ್ತಾರೆ. ಹಿಂಸೆಯ ವಿವರ ಮೊದಲ ಪುಟದಿಂದಲೇ ಇದೆ, ಗುಂಪಿಗೆ ಮುಂಚೆಯೇ ಹೇಳಿಬಿಡಿ.

ಶಿವಮೊಗ್ಗದಿಂದ

2013ರ ಮ್ಯಾನ್ ಬುಕರ್ ಇಂಟರ್‌ನ್ಯಾಷನಲ್ ನೆನಪಿದೆಯೇ? ಆಗ ಅದನ್ನು ಲೇಖಕರ ಒಟ್ಟು ಸಾಧನೆಗೆ ಕೊಡುತ್ತಿದ್ದರು, ಅನುವಾದಗೊಂಡ ಒಂದೇ ಪುಸ್ತಕಕ್ಕೆ ಕೊಡುವ ಈಗಿನ ಪದ್ಧತಿ 2016ರಿಂದ ಬಂದದ್ದು. ಅಂತಿಮ ಹತ್ತು ಮಂದಿಯಲ್ಲಿ ನಮ್ಮ ಅನಂತಮೂರ್ತಿ ಇದ್ದರು, ಅಮೆರಿಕದ ಮರಿಲಿನ್ ರಾಬಿನ್ಸನ್ ಇದ್ದರು. ಪ್ರಶಸ್ತಿ ಹೋದದ್ದು ಅಮೆರಿಕದ ಲಿಡಿಯಾ ಡೇವಿಸ್ ಅವರಿಗೆ. ನಮಗೆಲ್ಲ ಬೇಸರವಾಗಿತ್ತು, ನಿಜ. ಆದರೆ ಆ ಬೇಸರದಲ್ಲೇ ಡೇವಿಸ್ ಓದಲು ಶುರು ಮಾಡಿದೆ, ಈಗ ಬಿಡಲಾಗುತ್ತಿಲ್ಲ. ಅವರ ಕೆಲವು ಕತೆ ಒಂದು ವಾಕ್ಯದ್ದು, ಕೆಲವು ಒಂದು ಪುಟದ್ದು. ಸಭೆಯಲ್ಲೇ ಓದಿ ಸಭೆಯಲ್ಲೇ ಜಗಳವಾಡಬಹುದು. ಇದು ಕತೆಯೇ ಎಂಬ ಪ್ರಶ್ನೆ ಖಂಡಿತ ಏಳುತ್ತದೆ, ಏಳಲಿ.

ಕೇಳಿದವರು ಮತ್ತೆ

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದದ್ದಕ್ಕೆ ಕೃತಜ್ಞತೆ. ಲಾಹಿರಿ, ‘ಟ್ರೇನ್ ಡ್ರೀಮ್ಸ್’, ವಾಕರ್, ಡೇವಿಸ್ ಈ ಕ್ರಮದಲ್ಲಿ ಹೋಗಿ, ‘ಬಿಲವೆಡ್’ ಅನ್ನು ಬೇಸಿಗೆ ರಜೆಗೆ ಇಟ್ಟುಕೊಳ್ಳುತ್ತೇವೆ. ಈಚಿನದು ಒಂದಾದರೂ ಬೇಕು ಎಂದು ಕಿರಿಯರು ಹಟ ಹಿಡಿದಿದ್ದಾರೆ. ಪರ್ಸಿವಲ್ ಎವರೆಟ್ ಅವರ ‘ಜೇಮ್ಸ್’ ಹೇಗೆ?

ಬೆಂಗಳೂರಿನಿಂದ

ಕಣ್ಣುಮುಚ್ಚಿ ತೆಗೆದುಕೊಳ್ಳಿ ಮೇಡಂ. 2024ರ ನ್ಯಾಷನಲ್ ಬುಕ್ ಅವಾರ್ಡ್, 2025ರ ಪುಲಿಟ್ಜರ್ ಎರಡೂ ಅದಕ್ಕೇ. ಮಾರ್ಕ್ ಟ್ವೇನ್ ಅವರ ಹಕಲ್‌ಬರಿ ಫಿನ್ ಕತೆಯನ್ನು ಗುಲಾಮ ಜಿಮ್‌ನ ಬಾಯಿಂದ ಹೇಳಿಸುವ ಕಾದಂಬರಿ. ಇಲ್ಲಿ ಜಿಮ್ ಓದುಬರಹ ಬಲ್ಲವನು, ಬಿಳಿಯರ ಎದುರು ಮಾತ್ರ ತೊದಲು ಇಂಗ್ಲಿಷ್ ಆಡುತ್ತಾನೆ, ಮಕ್ಕಳಿಗೂ ಹಾಗೆ ಆಡುವುದನ್ನು ಕಲಿಸುತ್ತಾನೆ. ಟ್ವೇನ್ ಓದಿಲ್ಲದವರಿಗೂ ಅರ್ಥವಾಗುತ್ತದೆ, ಆದರೆ ಹಕ್ ಮತ್ತು ಜಿಮ್ ತೆಪ್ಪದಲ್ಲಿ ಹೊರಡುವವರೆಗಿನ ಅಧ್ಯಾಯಗಳನ್ನಾದರೂ ಮೊದಲು ಓದಿಸಿ. ಟ್ವೇನ್ ಪುಸ್ತಕದ ಹಕ್ಕುಸ್ವಾಮ್ಯ ಮುಗಿದಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ.