ಸಹಾಯ ಬೇಕು: ಬಿಜೆನ್ ಗುಯಿನೊಮಿ ಕೊಳ್ಳುವಾಗ ಏನು ನೋಡಬೇಕು?

ಎಲ್ಲರಿಗೂ ನಮಸ್ಕಾರ. ಜಪಾನಿನಲ್ಲಿ ಇರುವವರು, ಮಣ್ಣಿನ ಕೆಲಸ ಗೊತ್ತಿರುವವರು ಸ್ವಲ್ಪ ದಾರಿ ತೋರಿಸಿ.

ಜಪಾನಿನ ಒಕಾಯಾಮಾ ಕಡೆಯ ಮಣ್ಣಿನ ಪಾತ್ರೆಗಳಿಗೆ ಬಿಜೆನ್ ಅನ್ನುತ್ತಾರೆ, ಅದರಲ್ಲಿ ಗುಯಿನೊಮಿ ಒಂದನ್ನು ಕೊಳ್ಳೋಣ ಅಂತಿದ್ದೇನೆ. ಗುಯಿನೊಮಿ ಅಂದರೆ ಸಾಕೆ (ಜಪಾನಿನ ಅಕ್ಕಿ ಮದ್ಯ) ಕುಡಿಯುವ ಬಟ್ಟಲು, ಒಚೊಕೊ ಅನ್ನುವ ಪುಟ್ಟ ಸಾಕೆ ಬಟ್ಟಲಿಗಿಂತ ಸ್ವಲ್ಪ ದೊಡ್ಡದು. ಬಿಜೆನ್‌ಗೆ ಗ್ಲೇಜ್ (ಗಾಜಿನಂಥ ಲೇಪ) ಹಚ್ಚುವುದಿಲ್ಲ. ಕೆಂಪು ಪೈನ್ ಸೌದೆ ಹಾಕಿ ಹತ್ತು ಹದಿನೈದು ದಿನ, 1200 ಡಿಗ್ರಿ ದಾಟುವ ತನಕ ಸುಡುತ್ತಾರೆ. ಬಣ್ಣವೆಲ್ಲ ಬೆಂಕಿ, ಬೂದಿಯದೇ.

ಎರಡು ಬಟ್ಟಲು ನೋಡಿಟ್ಟಿದ್ದೇನೆ. ಮೊದಲನೆಯದರ ಒಂದು ಬದಿಗೆ ಬೂದಿ ಕರಗಿ ಎಳ್ಳು ಚೆಲ್ಲಿದ ಹಾಗೆ ಹಳದಿ ಚುಕ್ಕೆ, ಅದೇ 'ಗೋಮಾ'. ಅಂಚಿನ ಹತ್ತಿರ ದಟ್ಟ, ಕೆಳಗೆ ಬರುತ್ತಾ ವಿರಳ. ಹಿಂಬದಿ ಬರೀ ಕಂದು. ಇನ್ನೊಂದು 'ಹಿದಾಸುಕಿ': ಭತ್ತದ ಹುಲ್ಲು ಸುತ್ತಿ ಸುಟ್ಟಿದ್ದು, ತಿಳಿ ಮಣ್ಣಿನ ಮೇಲೆ ಕೆಂಪು ಗೆರೆ. ನನಗೆ ಮೊದಲನೆಯದೇ ಇಷ್ಟ, ಆದರೆ ಬೆಲೆ ಜಾಸ್ತಿ!

ಬೂದಿಯನ್ನು ಮೊದಲೇ ಉದುರಿಸಿ ಗ್ಯಾಸ್ ಗೂಡಿನಲ್ಲಿ ಸುಟ್ಟರೂ ಇಂಥದ್ದೇ ಚುಕ್ಕೆ ಬರುತ್ತದೆ ಅಲ್ವಾ? ಫೋಟೋದಲ್ಲಿ ವ್ಯತ್ಯಾಸ ಹೇಗೆ ಹಿಡಿಯುವುದು? ಅಡಿಯ ಫೋಟೋ ಕೇಳಿದರೆ ಏನಾದರೂ ಗೊತ್ತಾಗುತ್ತಾ? ಹಿದಾಸುಕಿಯನ್ನು ಕರೆಂಟ್ ಗೂಡಿನಲ್ಲೂ ಸುಡುತ್ತಾರಂತೆ, ಹಾಗಾದರೆ 'ಸೌದೆಯಲ್ಲಿ ಸುಟ್ಟಿದ್ದು' ಅಂತ ಹೇಳಿ ಜಾಸ್ತಿ ಬೆಲೆ ಕೇಳುವುದು ಸರಿನಾ?

ಇನ್ನೊಂದು. ಬಳಸುವ ಮೊದಲು ನೀರಲ್ಲಿ ನೆನೆಸಬೇಕು ಅಂತಾರೆ. ನಮ್ಮ ಮಂಗಳೂರಿನ ಮಳೆಗಾಲದಲ್ಲಿ ಸರಿಯಾಗಿ ಒಣಗದೆ ಬೂಸಲು ಹಿಡಿದರೆ ಏನು ಮಾಡುತ್ತೀರಿ? ಬಳಸಿದವರು ಹೇಳಿ, ಸುಮ್ನೆ ಊಹೆ ಬೇಡ. ಎರಡರ ಫೋಟೋ ಕಾಮೆಂಟಿನಲ್ಲಿ ಹಾಕುತ್ತೇನೆ.