ಮೂಳೆ ಕಸಿ ಕೂಡಲು ಹಾರ್ಮೋನ್ ಇಂಜೆಕ್ಷನ್: ಯಾರಾದರೂ ತಗೊಂಡಿದ್ದೀರಾ?

ಸೋಮವಾರಪೇಟೆ ತೋಟದವಳು:
ನಮ್ಮಪ್ಪ ಹೋದ ವರ್ಷ ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದರು. ಮೊಣಕಾಲಿನ ಕೆಳಗಿನ ಮೂಳೆ ಮುರಿಯಿತು. ರಾಡ್ ಹಾಕಿದರೂ ಕೂಡಲಿಲ್ಲ. ಈಗ ಮೈಸೂರಿನಲ್ಲಿ ಸೊಂಟದಿಂದ ಮೂಳೆ ತೆಗೆದು ಕಸಿ ಮಾಡಿದ್ದಾರೆ. ಅದು ಸಾಲದೆ ಬೋನ್ ಬ್ಯಾಂಕಿನ (ದಾನಿಗಳ ಮೂಳೆ ಶೇಖರಿಸಿಡುವ ಕಡೆಯ) ಮೂಳೆಯನ್ನೂ ಸೇರಿಸಿದ್ದಾರೆ. ದಿನಾ ಟೆರಿಪ್ಯಾರಟೈಡ್ ಅನ್ನೋ ಹಾರ್ಮೋನ್ ಇಂಜೆಕ್ಷನ್ ತಗೊಳ್ಳಿ ಅಂದಿದ್ದಾರೆ. ಹಾರ್ಮೋನ್ ಅಂದ ಕೂಡಲೇ ಅಪ್ಪ ಬೇಡವೇ ಬೇಡ ಅಂತ ಕೂತಿದ್ದಾರೆ. ಇದು ಸ್ಟೀರಾಯ್ಡಾ? ಫ್ರಿಜ್‌ನಲ್ಲೇ ಇಡಬೇಕಂತೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಗತಿ ಗೊತ್ತಲ್ವಾ?

ವಿರಾಜಪೇಟೆ ನರ್ಸಮ್ಮ (ನಿವೃತ್ತ):
ಸ್ಟೀರಾಯ್ಡ್ ಅಲ್ಲಮ್ಮ, ಅಪ್ಪನಿಗೆ ಧೈರ್ಯವಾಗಿ ಹೇಳು. ಆರ್ಥೋ ವಾರ್ಡ್‌ನಲ್ಲೇ ನನ್ನ ಸರ್ವಿಸ್ ಕಳೆದಿದ್ದು, ಈ ಭಯ ತುಂಬಾ ನೋಡಿದ್ದೀನಿ.

ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ನಾಲ್ಕು ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ. ಅವುಗಳ ಹಾರ್ಮೋನಿನ ಒಂದು ತುಂಡೇ ಈ ಔಷಧಿ. ಆ ಹಾರ್ಮೋನ್ ರಕ್ತದಲ್ಲಿ ಸದಾ ಜಾಸ್ತಿ ಇದ್ದರೆ ಮೂಳೆ ಸವೆಯುತ್ತದೆ. ದಿನಕ್ಕೆ ಒಮ್ಮೆ ಸ್ವಲ್ಪ ಹೊತ್ತು ಮಾತ್ರ ಏರಿ ಇಳಿದರೆ ಮೂಳೆ ಕಟ್ಟುವ ಕಣಗಳು ಚುರುಕಾಗುತ್ತವೆ. ಅದಕ್ಕೇ ದಿನಕ್ಕೊಂದು ಸಲ, ಬರೀ 20 ಮೈಕ್ರೋಗ್ರಾಂ.

ಅಮೆರಿಕದಲ್ಲಿ 2002ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಮೂಳೆ ಸವೆತಕ್ಕೆ, ಅಂದರೆ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್‌ಗೆ. ಕಸಿಗೆ ಕೊಡುವುದು ಡಾಕ್ಟರ ವಿವೇಚನೆ. ಬ್ಯಾಂಕಿನ ಮೂಳೆಯಲ್ಲಿ ಜೀವಕಣ ಇರುವುದಿಲ್ಲ, ಅಪ್ಪನ ಸ್ವಂತ ಮೂಳೆಯೇ ಹೋಗಿ ಅದನ್ನು ಹಿಡಿಯಬೇಕು. ಇಲಿಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ ಈ ಬೆಸುಗೆ ಚೆನ್ನಾಗಿ ಬಂದಿದೆ. ಮನುಷ್ಯರಲ್ಲಿ ಎಲ್ಲರಿಗೂ ಒಂದೇ ಥರ ಫಲ ಸಿಕ್ಕಿಲ್ಲ, ಇದನ್ನೂ ಅಪ್ಪನಿಗೆ ಹೇಳು. ಮುಚ್ಚಿಟ್ಟು ಚುಚ್ಚಿಸಬಾರದು.

ಹಿಂದೆ ಕ್ಯಾನ್ಸರ್ ಅಥವಾ ರೇಡಿಯೇಶನ್ ಆಗಿದೆಯಾ, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದೆಯಾ, ವಿಟಮಿನ್ ಡಿ ಎಷ್ಟಿದೆ, ಇವೆಲ್ಲ ಮೊದಲೇ ನೋಡಿಸಬೇಕು. ಮೊದಮೊದಲು ಚುಚ್ಚಿದ ಮೇಲೆ ಕೆಲವರಿಗೆ ತಲೆ ಸುತ್ತುತ್ತದೆ. ಮಂಚದ ಮೇಲೆ ಕೂರಿಸಿಯೇ ಕೊಡು, ಊರುಗೋಲು ಹಿಡಿದವರು ಮತ್ತೆ ಬೀಳಬಾರದು. ಇನ್ನು ಬೀಡಿ ಸೇದುತ್ತಾರಾ? ಸೇದುತ್ತಿದ್ದರೆ ಇವತ್ತೇ ಬಿಡಿಸು. ಸೇದುವುದನ್ನು ನಿಲ್ಲಿಸದೆ ಕಸಿ ಕೂಡಲಿ ಅಂದರೆ ಕಷ್ಟ, ಯಾವ ಇಂಜೆಕ್ಷನ್ ಕೊಟ್ಟರೂ ಅಷ್ಟೇ.

ಭಾಗಮಂಡಲ ಕಾಫಿ:
ನಮ್ಮಮ್ಮನಿಗೆ ಬೆನ್ನುಮೂಳೆ ಸವೆತಕ್ಕೆ ಇದೇ ಔಷಧಿಯ ಪೆನ್ (ಪೆನ್ನಿನಂಥ ಇಂಜೆಕ್ಷನ್) ಕೊಡ್ತಾ ಇದ್ದೀವಿ. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೆಪ್ಪುಗಟ್ಟಿದರೆ ಕೆಟ್ಟಂತೆ, ಐಸ್ ಪೆಟ್ಟಿಗೆ ಹತ್ತಿರ ಇಡಲೇಬೇಡಿ. ಕರೆಂಟ್ ಹೋದರೆ ನಾವು ಫ್ರಿಜ್ ಬಾಗಿಲು ತೆಗೆಯಲ್ಲ. ಜಾಸ್ತಿ ಹೊತ್ತಾದರೆ ಲಸಿಕೆ ಒಯ್ಯುವಂಥ ಡಬ್ಬಿಗೆ ಹಾಕ್ತೀವಿ. ಐಸ್ ಪ್ಯಾಕಿಗೆ ಟವೆಲ್ ಸುತ್ತಿ, ಪಕ್ಕದಲ್ಲೊಂದು ಥರ್ಮಾಮೀಟರ್ ಇಡ್ತೀವಿ. ಒಂದೊಂದೇ ಪೆನ್ ಕೊಳ್ಳಿ, ಮಿಕ್ಕಿದ್ದು ಜನರೇಟರ್ ಇರುವ ಮೆಡಿಕಲ್ ಶಾಪಿನಲ್ಲೇ ಇರಲಿ. ಶುರು ಮಾಡಿದ ಪೆನ್ 28 ದಿನಕ್ಕೆ ಎಸೆಯಬೇಕು, ಔಷಧಿ ಉಳಿದಿದ್ದರೂ.

ಸೋಮವಾರಪೇಟೆ ತೋಟದವಳು:
ತುಂಬಾ ಉಪಕಾರ ಆಯ್ತು. ಬೀಡಿ ಸೇದಲ್ಲ. ಆದರೆ ಅಪ್ಪನಿಗೆ ಹಿಂದೆ ಕಿಡ್ನಿಯಲ್ಲಿ ಕಲ್ಲು ಆಗಿತ್ತು. ಅದರಿಂದ ತೊಂದರೆಯಾ ನರ್ಸಮ್ಮ?

ವಿರಾಜಪೇಟೆ ನರ್ಸಮ್ಮ (ನಿವೃತ್ತ):
ಆಗಬಹುದು, ಈ ಔಷಧಿ ಕ್ಯಾಲ್ಸಿಯಂ ಏರಿಸುತ್ತದೆ. ಸ್ಕ್ಯಾನ್ ರಿಪೋರ್ಟ್ ಹುಡುಕಿ ತೆಗೆದು ಡಾಕ್ಟರಿಗೆ ತೋರಿಸು. ಅವರು ನೋಡಿ ಸರಿ ಅನ್ನುವ ತನಕ ಪೆನ್ ತೆರೆಯಬೇಡ.